ಬೆನ್ನು ತಟ್ಟಿದರು, ಬಾಯಿ ಬಿಡಲಿಲ್ಲ: ಚಂದ್ರಶೇಖರ್ ಒಂಟಿಯಾಗಿ ನಿಂತ ಕತೆ

1935ರ ಜನವರಿ 11. ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಸಭೆ. 24 ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್ ತಮ್ಮ ಲೆಕ್ಕ ಮಂಡಿಸಿ ಕೂತರು. ಆಮೇಲೆ ಎದ್ದವರು ಆರ್ಥರ್ ಎಡಿಂಗ್ಟನ್, ಆ ಕಾಲದ ಖಗೋಳ ವಿಜ್ಞಾನದ ದೊಡ್ಡ ಹೆಸರು. ಅದುವರೆಗೆ ಈ ಹುಡುಗನ ಕೋಣೆಗೇ ಹೋಗಿ ಕೆಲಸ ಎಲ್ಲಿಗೆ ಬಂತು ಅಂತ ವಿಚಾರಿಸುತ್ತಿದ್ದವರು, ಈಗ ಅದನ್ನೇ ಗೇಲಿ ಮಾಡಿದರು. ಸಭೆ ನಕ್ಕಿತು.

ಏನಿತ್ತು ಆ ಲೆಕ್ಕದಲ್ಲಿ? 1910ರಲ್ಲಿ ಲಾಹೋರಿನಲ್ಲಿ ಹುಟ್ಟಿ, ಮದ್ರಾಸಿನಲ್ಲಿ ಓದಿದ ಚಂದ್ರಶೇಖರ್, 1930ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಲ್ಲೇ ಅದನ್ನು ಶುರು ಮಾಡಿದ್ದರು. ಉರಿದು ಮುಗಿದ ನಕ್ಷತ್ರ ಶ್ವೇತಕುಬ್ಜವಾಗಿ ಉಳಿಯಬೇಕಾದರೆ ಅದರ ದ್ರವ್ಯರಾಶಿ ಸೂರ್ಯನ ಸುಮಾರು 1.4 ಪಟ್ಟು ದಾಟಬಾರದು. ದಾಟಿದರೆ ತನ್ನ ಭಾರ ತಾನೇ ತಾಳಲಾರದು.

ಲೆಕ್ಕ ಸರಿಯಿದೆ ಅಂತ ಪೌಲಿಯಂಥ ಭೌತವಿಜ್ಞಾನಿಗಳಿಗೆ ಗೊತ್ತಿತ್ತು. ಖಾಸಗಿಯಾಗಿ ಒಪ್ಪಿದರು, ಬಹಿರಂಗವಾಗಿ ಸುಮ್ಮನಿದ್ದರು.

ಚಂದ್ರಶೇಖರ್ ಜಗಳಕ್ಕೆ ನಿಲ್ಲಲಿಲ್ಲ, ಲೆಕ್ಕವನ್ನೂ ಬಿಟ್ಟುಕೊಡಲಿಲ್ಲ. 1937ರಲ್ಲಿ ಶಿಕಾಗೊ ವಿಶ್ವವಿದ್ಯಾಲಯ ಸೇರಿದರು. ಮೈಬಣ್ಣದ ಕಾರಣಕ್ಕೆ ಅವರು ಕ್ಯಾಂಪಸ್ಸಿನಲ್ಲಿ ಪಾಠ ಮಾಡಬಾರದು ಅಂತ ಅಲ್ಲಿನ ಡೀನ್ ಅಡ್ಡಗಾಲು ಹಾಕಿದರು. ವಿಶ್ವವಿದ್ಯಾಲಯದ ಅಧ್ಯಕ್ಷ ಹಚಿನ್ಸ್ ಅದನ್ನು ತಳ್ಳಿಹಾಕಿದರು. 1939ರಲ್ಲಿ ತಮ್ಮ ಲೆಕ್ಕವನ್ನು ಪುಸ್ತಕದಲ್ಲಿ ಸೇರಿಸಿ, ಚಂದ್ರಶೇಖರ್ ಬೇರೆ ವಿಷಯಗಳತ್ತ ಹೊರಳಿದರು. ನೊಬೆಲ್ ಬಂದಿದ್ದು 1983ರಲ್ಲಿ, ಸಭೆ ನಕ್ಕ 48 ವರ್ಷಗಳ ಮೇಲೆ. 1995ರಲ್ಲಿ ತೀರಿಕೊಂಡರು.

1999ರಲ್ಲಿ ನಾಸಾ ಹಾರಿಸಿದ ಎಕ್ಸ್-ರೇ ದೂರದರ್ಶಕಕ್ಕೆ ಅವರದೇ ಹೆಸರು: ಚಂದ್ರಾ. ಭಾರೀ ನಕ್ಷತ್ರದ ಕಬ್ಬಿಣದ ತಿರುಳು ಅವರು ಹೇಳಿದ ಮಿತಿಯನ್ನು ಮೀರಿದಾಗ ಕುಸಿಯುತ್ತದೆ, ನಕ್ಷತ್ರ ಸೂಪರ್‌ನೋವಾ ಆಗಿ ಸಿಡಿಯುತ್ತದೆ. ಸಿಡಿದ ವಸ್ತು ಸುತ್ತಲಿನ ಅನಿಲಕ್ಕೆ ಬಡಿದು, ಲಕ್ಷಾಂತರ ಡಿಗ್ರಿ ಕಾದು, ಎಕ್ಸ್-ರೇ ಹೊಮ್ಮಿಸುತ್ತದೆ. ಭೂಮಿಯ ವಾತಾವರಣ ಆ ಕಿರಣಗಳನ್ನು ಹೀರಿಬಿಡುವುದರಿಂದ ಬಾಹ್ಯಾಕಾಶದಿಂದಲೇ ನೋಡಬೇಕು. 2006ರಲ್ಲಿ ಸುಮಾರು 24 ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 1260 ಗ್ಯಾಲಕ್ಸಿಯಲ್ಲಿ ಎಸ್‌ಎನ್ 2006ಜಿವೈ ಸಿಡಿದಾಗ, ಗ್ಯಾಲಕ್ಸಿಯ ನಡುಭಾಗದ ಎಕ್ಸ್-ರೇ ಯಾವುದು, ಸೂಪರ್‌ನೋವಾದ್ದು ಯಾವುದು ಅಂತ ಬಿಡಿಸಿ ತೋರಿಸಿದ್ದು ಚಂದ್ರಾ.

ದೊಡ್ಡವರೊಬ್ಬರು ತಪ್ಪಿದ್ದು ಸಣ್ಣ ವಿಷಯ. ಯಾರು ಬೇಕಾದರೂ ತಪ್ಪಬಹುದು. ಗೊತ್ತಿದ್ದವರು ಸುಮ್ಮನಿದ್ದದ್ದು ದೊಡ್ಡ ವಿಷಯ. ನಮ್ಮ ತರಗತಿ, ಸಂಘಟನೆ, ಪಕ್ಷದ ಸಭೆಗಳಲ್ಲೂ ಹೀಗೇ ನಡೆಯುತ್ತೆ. ಕಿರಿಯರೊಬ್ಬರನ್ನು ನಗುವಿನಲ್ಲಿ ಮುಳುಗಿಸಿದ ಮೇಲೆ, ನೀನು ಹೇಳಿದ್ದೇ ಸರಿ ಅಂತ ಹೊರಗೆ ಬಂದು ಬೆನ್ನು ತಟ್ಟುವವರಿಗೆ ಬರವಿಲ್ಲ. ಆ ಮಾತು ಬೇಕಾಗಿದ್ದು ಒಳಗೆ, ಎಲ್ಲರೂ ನಗುತ್ತಿದ್ದಾಗ.