ವ್ಯಾಯಾಮಾಚಾರ್ಯ ಕೆ. ವಿ. ಅಯ್ಯರ್

ಮಕ್ಕಳೇ, ಜಾತ್ರೆಯಲ್ಲಿ ಕುಸ್ತಿ ನೋಡಿದ್ದೀರಲ್ಲವೇ? ಕರಜಗಿ, ಅಕ್ಕಲಕೋಟೆ ಕಡೆಯ ಮಕ್ಕಳಿಗೆ ಇದನ್ನು ಕೇಳಬೇಕಾಗಿಯೇ ಇಲ್ಲ. ಪೈಲವಾನರು ಲಂಗೋಟಿ ಕಟ್ಟಿ ಕಣಕ್ಕೆ ಇಳಿದಾಗ ಅವರ ತೋಳು ತೊಡೆಗಳನ್ನು ಕಂಡು ನಿಮಗೂ ಅಂಥ ಮೈಕಟ್ಟು ಬೇಕೆನಿಸಿರಬಹುದು. ಮನೆಗೆ ಬಂದು ಕನ್ನಡಿಯ ಮುಂದೆ ತೋಳು ಮಡಚಿ ನೋಡಿಕೊಂಡಿರಲೂಬಹುದು! ಸಾಮು ಮಾಡಿಯೇ ಅಂಥ ಮೈಕಟ್ಟು ಗಳಿಸಿ, ದೇಶವಿದೇಶಗಳಲ್ಲಿ ಹೆಸರಾದ ಒಬ್ಬ ಕನ್ನಡಿಗರ ಕಥೆಯನ್ನು ಈಗ ಓದಿರಿ.

ಅವರ ಹೆಸರು ಕೋಲಾರ ವೆಂಕಟೇಶ ಅಯ್ಯರ್. ಹತ್ತೊಂಬತ್ತನೆಯ ಶತಮಾನ ಮುಗಿಯಲು ಇನ್ನು ಎರಡು ಮೂರು ವರ್ಷಗಳಿದ್ದಾಗ ಕೋಲಾರ ಜಿಲ್ಲೆಯ ದೇವರಾಯಸಮುದ್ರದಲ್ಲಿ ಹುಟ್ಟಿದರು. ಅವರು ಬಾಲಕರಾಗಿದ್ದ ಕಾಲದಲ್ಲಿ ಯೂಜಿನ್ ಸ್ಯಾಂಡೊ ಎಂಬ ಜಟ್ಟಿಯ ಹೆಸರು ಎಲ್ಲೆಡೆ ಹಬ್ಬಿತ್ತು. ಆತ ಭಾರತಕ್ಕೂ ಬಂದು ಹೋಗಿದ್ದ. ನೀವು ತೊಡುವ ತೋಳಿಲ್ಲದ ಬನಿಯನ್ನಿಗೆ ಇಂದಿಗೂ ಅವನದೇ ಹೆಸರು!

ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮ ಶಾಲೆ ನಡೆಸಿದರು. ಹೊರದೇಶದವರಂತೆ ಕಬ್ಬಿಣದ ಭಾರ ಎತ್ತುವುದನ್ನು ಅವರು ಕಲಿಸಿದರು. ಆದರೆ ನಮ್ಮ ಯೋಗಾಸನಗಳನ್ನೂ ಸೂರ್ಯನಮಸ್ಕಾರವನ್ನೂ ಬಿಡಲಿಲ್ಲ. ಸೂರ್ಯನಮಸ್ಕಾರವೆಂದರೆ ನಮ್ಮ ಮಹಾರಾಷ್ಟ್ರದವರಿಗೆ ಔಂಧ ನೆನಪಾಗುತ್ತದೆ. ಸಾತಾರಾ ಜಿಲ್ಲೆಯ ಆ ಸಂಸ್ಥಾನದ ಅರಸರಾದ ಭವಾನರಾವ ಪಂತ ಪ್ರತಿನಿಧಿಯವರು ಅದನ್ನು ಶಾಲೆಶಾಲೆಗಳಲ್ಲಿ ಹಬ್ಬಿಸಿದರು. ಅಯ್ಯರ್ ಅವರೂ ೧೯೩೭ರಲ್ಲಿ ಸೂರ್ಯನಮಸ್ಕಾರದ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಅದಕ್ಕೆ ಬೇಕಾಗುವುದು ಒಂದು ಚಾಪೆಯಷ್ಟು ಜಾಗ, ಅಷ್ಟೇ.

ಸಾಮು ಮಾಡಿದರೆ ಮೈ ಹೇಗೆ ಬೆಳೆಯುತ್ತದೆ, ಗೊತ್ತೇ? ದಂಡ, ಬಸ್ಕಿ ಹೊಡೆದಾಗ ನಮ್ಮ ಸ್ನಾಯುಗಳು ದಣಿಯುತ್ತವೆ. ಅವುಗಳ ಸಣ್ಣ ಎಳೆಗಳಿಗೆ ಪೆಟ್ಟೂ ಬೀಳುತ್ತದೆ. ಬೇಳೆ, ಕಾಳು, ಹಾಲು, ಶೇಂಗಾ, ಮೊಟ್ಟೆಗಳಲ್ಲಿರುವ ಸಸಾರಜನಕದಿಂದ ದೇಹವು ಆ ಎಳೆಗಳನ್ನು ರಿಪೇರಿ ಮಾಡಿಕೊಳ್ಳುತ್ತದೆ. ರಿಪೇರಿಯಾದ ಎಳೆ ಮೊದಲಿಗಿಂತ ಕೊಂಚ ದಪ್ಪ. ಈ ಕೆಲಸ ಹೆಚ್ಚಾಗಿ ನಡೆಯುವುದು ನಾವು ವಿಶ್ರಾಂತಿ ಪಡೆಯುವಾಗ, ನಿದ್ರಿಸುವಾಗ. ಆದ್ದರಿಂದ ಒಂದು ವಾರದಲ್ಲಿ ಯಾರೂ ಜಟ್ಟಿಯಾಗಲಾರರು. ತಿಂಗಳುಗಳು ಬೇಕು, ವರ್ಷಗಳೇ ಬೇಕು.

ಅಷ್ಟು ದಿನ ಕಾಯಲಾರದವರು ಅಡ್ಡದಾರಿ ಹುಡುಕಿದರು. ಸ್ನಾಯುಗಳನ್ನು ಬೇಗ ಉಬ್ಬಿಸುವ ಗುಳಿಗೆ, ಸೂಜಿಮದ್ದುಗಳು ೧೯೫೦ರ ದಶಕದಲ್ಲಿ ಹೊರದೇಶಗಳ ಆಟಗಾರರ ಕೈಗೆ ಬಂದವು. ಅವುಗಳಿಂದ ಹೃದಯಕ್ಕೂ ಯಕೃತ್ತಿಗೂ ಕೇಡು. ಬೆಳೆಯುವ ವಯಸ್ಸಿನವರು ತೆಗೆದುಕೊಂಡರೆ ಎತ್ತರವೇ ನಿಂತುಹೋಗಬಹುದು. ೧೯೭೬ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಆಟಗಾರರ ಮೂತ್ರವನ್ನು ಪರೀಕ್ಷಿಸಿ ಇಂಥ ಮೋಸವನ್ನು ಹಿಡಿಯತೊಡಗಿದರು. ಅಯ್ಯರ್ ಅವರ ಛಾಯಾಚಿತ್ರಗಳು ಹೊರದೇಶದ ಪತ್ರಿಕೆಗಳಲ್ಲಿ ಅಚ್ಚಾದದ್ದು ಈ ಮದ್ದುಗಳು ಬರುವುದಕ್ಕೆ ಎಷ್ಟೋ ಮೊದಲು. ಆ ಚಿತ್ರಗಳಲ್ಲಿ ಅವರ ಮೈ ಶಿಲ್ಪಿ ಕಡೆದ ವಿಗ್ರಹದಂತಿದೆ. ಸಿಕ್ಕರೆ ತಪ್ಪದೆ ನೋಡಿರಿ.

ದೂರದ ಊರಿನವರಿಗೆ ಅವರು ಅಂಚೆಯ ಮೂಲಕ ವ್ಯಾಯಾಮದ ಪಾಠ ಕಳಿಸುತ್ತಿದ್ದರು. ಮೈಸೂರಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರು ಕೂಡ ಅವರಿಂದ ವ್ಯಾಯಾಮ ಹೇಳಿಸಿಕೊಂಡರು. ಮಹಾರಾಜರ ನೆರವಿನಿಂದ ೧೯೪೦ರಲ್ಲಿ ಬೆಂಗಳೂರಿನಲ್ಲಿ ಅವರ ವ್ಯಾಯಾಮ ಶಾಲೆಗೆ ಸ್ವಂತ ಕಟ್ಟಡವಾಯಿತು. ದೊರೆಗಾದರೂ ಅಷ್ಟೇ, ತನ್ನ ಸಾಮನ್ನು ತಾನೇ ಮಾಡಬೇಕು. ಅದಕ್ಕೆ ಆಳನ್ನು ಇಡಲು ಬರುವುದಿಲ್ಲ!

ಮೈ ಬೆಳೆಸಿದವರಿಗೆ ಬುದ್ಧಿ ಕಡಿಮೆ ಎಂದು ಕೆಲವರು ನಗೆಯಾಡುತ್ತಾರೆ. ಅಯ್ಯರ್ ಅವರ ವಿಷಯದಲ್ಲಿ ಆ ಮಾತು ನಡೆಯದು. ಅವರು ನಾಟಕಕಾರ ಕೈಲಾಸಂ ಅವರ ಆಪ್ತ ಗೆಳೆಯರು. ಹೊಯ್ಸಳರ ರಾಣಿಯನ್ನು ಕುರಿತು 'ಶಾಂತಲಾ' ಎಂಬ ಕಾದಂಬರಿ ಬರೆದರು. ೧೯೮೦ರಲ್ಲಿ ತೀರಿಕೊಂಡ ಅವರನ್ನು ವ್ಯಾಯಾಮ ಬಲ್ಲವರಿಗಿಂತ ಕಥೆ ಓದುವವರೇ ಇಂದು ಹೆಚ್ಚು ನೆನೆಯುತ್ತಾರೆ.

ಅವರ ಇನ್ನೊಂದು ಕಾದಂಬರಿ 'ರೂಪದರ್ಶಿ'. ಅದರಲ್ಲಿ ಇಟಲಿಯ ಒಬ್ಬ ಚಿತ್ರಕಾರನಿದ್ದಾನೆ. ಬಾಲ ಯೇಸುವಿನ ಚಿತ್ರ ಬರೆಯಲು ಅವನು ಅತಿ ಮುದ್ದಾದ ಒಬ್ಬ ಹುಡುಗನನ್ನು ಹುಡುಕಿ ತರುತ್ತಾನೆ. ಬಹಳ ವರ್ಷಗಳ ಮೇಲೆ, ಯೇಸುವಿಗೆ ದ್ರೋಹ ಮಾಡಿದ ಜೂದಾಸನ ಚಿತ್ರಕ್ಕಾಗಿ ಒಂದು ಕ್ರೂರ ಮುಖ ಬೇಕಾಗುತ್ತದೆ. ಅಲೆದು ಅಲೆದು ಕೊನೆಗೆ ಅಂಥ ಒಬ್ಬನನ್ನು ಕಾಣುತ್ತಾನೆ. ಅವನು ಯಾರೆಂದುಕೊಂಡಿರಿ? ಅಂದಿನ ಅದೇ ಮುದ್ದು ಹುಡುಗ!