ಬರ್ಟ್ ಮನ್ರೋ: ಒಂದೇ ಬೈಕಿಗೆ ಐವತ್ತೇಳು ವರ್ಷ

ಹಳೆಯ ಮೋಟಾರ್‌ಸೈಕಲ್‌ಗಳ ಮೋಹಕ್ಕೆ ಒಳಗಾದವರು ಜಗತ್ತಿನ ಎಲ್ಲೆಡೆ ಇದ್ದಾರೆ. ಕೈಯಲ್ಲಿ ಹಣವಿದ್ದವರಿಗೆ ಅಂಥದೊಂದನ್ನು ಕೊಳ್ಳುವುದು ದೊಡ್ಡ ಮಾತಲ್ಲ. ಕೊಂಡದ್ದನ್ನು ದಶಕಗಳ ಕಾಲ ಓಡುವ ಸ್ಥಿತಿಯಲ್ಲಿ ಉಳಿಸಿಕೊಳ್ಳುವುದೇ ನಿಜವಾದ ಸಾಹಸ. ಈ ಸಾಹಸದಲ್ಲಿ ನ್ಯೂಜಿಲೆಂಡಿನ ಬರ್ಟ್ ಮನ್ರೋ ಅವರನ್ನು ಮೀರಿಸಿದವರು ವಿರಳ. 1920ರಲ್ಲಿ ಕೊಂಡ ಬೈಕನ್ನು ಅವರು 1977ರವರೆಗೂ ತಮ್ಮ ಬಳಿಯೇ ಇಟ್ಟುಕೊಂಡಿದ್ದರು. ಆ ಬೈಕಿಗೆ 47 ವರ್ಷ, ತಮಗೆ 68 ವರ್ಷ ತುಂಬಿದಾಗ ಅದರ ಮೇಲೆಯೇ ವೇಗದ ದಾಖಲೆ ಬರೆದರು.

ಹರ್ಬರ್ಟ್ ಜೇಮ್ಸ್ ಮನ್ರೋ ಜನಿಸಿದ್ದು 1899ರ ಮಾರ್ಚ್ 25ರಂದು, ನ್ಯೂಜಿಲೆಂಡಿನ ದಕ್ಷಿಣದ ತುದಿಯಲ್ಲಿರುವ ಇನ್ವರ್‌ಕಾರ್ಗಿಲ್ ಪ್ರದೇಶದಲ್ಲಿ. ಅವರೊಂದಿಗೆ ಹುಟ್ಟಿದ ಅವಳಿ ಸಹೋದರಿ ಬದುಕುಳಿಯಲಿಲ್ಲ. ಈ ಮಗುವೂ ಎರಡು ವರ್ಷ ದಾಟುವುದು ಕಷ್ಟವೆಂದು ವೈದ್ಯರು ಕೈಚೆಲ್ಲಿದ್ದರಂತೆ. ಆದರೆ ಬಾಲಕ ಬದುಕಿದ. ಎಡೆನ್‌ಡೇಲ್ ಎಂಬ ಊರಿನ ಹೊಲಮನೆಯಲ್ಲಿ ಬೆಳೆದ ಅವನಿಗೆ ಬೇಸಾಯದ ನಿಧಾನಗತಿ ಒಗ್ಗಲಿಲ್ಲ. ಕುದುರೆಯಾಗಲಿ, ಯಂತ್ರವಾಗಲಿ, ವೇಗವಾಗಿ ಓಡುವುದೆಲ್ಲ ಅವನಿಗೆ ಪ್ರಿಯವಾಗಿತ್ತು. ಮೊದಲ ಮೋಟಾರ್‌ಸೈಕಲ್ ಕೈಸೇರಿದಾಗ ಇನ್ನೂ ಹದಿಹರೆಯ. ಆ ಬಳಿಕ ಬಂದ ಕ್ಲೈನೋ ಬೈಕಿನ ಸೈಡ್‌ಕಾರನ್ನು ಕಳಚಿಟ್ಟು ಸ್ಥಳೀಯ ಓಟಗಳಲ್ಲಿ ಪಾಲ್ಗೊಂಡ.

ಇಂಡಿಯನ್ ಎಂಬ ಹೆಸರು

1920ರಲ್ಲಿ ಮನ್ರೋ ಕೊಂಡ ಬೈಕಿನ ಹೆಸರು ಇಂಡಿಯನ್ ಸ್ಕೌಟ್. ಹೆಸರು ಕೇಳಿ ಇದು ನಮ್ಮ ದೇಶದ ತಯಾರಿಕೆಯೆಂದು ಭಾವಿಸಬೇಕಿಲ್ಲ. ಇದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ನಗರದ ಕಂಪನಿಯೊಂದರ ಬೈಕು. ಐರ್ಲೆಂಡ್ ಮೂಲದ ಎಂಜಿನಿಯರ್ ಚಾರ್ಲ್ಸ್ ಫ್ರಾಂಕ್ಲಿನ್ ರೂಪಿಸಿದ ಸ್ಕೌಟ್ ಆ ಕಾಲಕ್ಕೆ ಬಿಗಿಯಾದ, ನಂಬಿಗಸ್ತ ಯಂತ್ರವೆನಿಸಿತ್ತು. 'ವಿ' ಆಕಾರದಲ್ಲಿ ಜೋಡಿಸಿದ ಎರಡು ಸಿಲಿಂಡರ್, ಸುಮಾರು 600 ಸಿಸಿ ಸಾಮರ್ಥ್ಯ, ಮೂರು ಗೇರು. ಗರಿಷ್ಠ ವೇಗ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿಲೋಮೀಟರ್. ಕಾರ್ಖಾನೆಯಿಂದ ಹೊರಬಂದ 627ನೇ ಸ್ಕೌಟ್ ಅದಾಗಿತ್ತು.

ಆರು ವರ್ಷ ಅದನ್ನು ಇದ್ದಂತೆಯೇ ಓಡಿಸಿದ ಮನ್ರೋ, 1926ರಿಂದ ಎಂಜಿನ್‌ಗೆ ಕೈಹಾಕತೊಡಗಿದರು. ಅಲ್ಲಿಂದ ಮುಂದೆ ಆ ಕೆಲಸ ನಿಲ್ಲಲೇ ಇಲ್ಲ. ನಡುವೆ ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲಿನ ಓಟದ ಕಣಗಳಲ್ಲಿ ಅದೃಷ್ಟ ಪರೀಕ್ಷಿಸಿದರು. ಜಗತ್ತನ್ನೇ ಕಾಡಿದ ಆರ್ಥಿಕ ಕುಸಿತದ ಕಾಲಕ್ಕೆ ತಾಯ್ನಾಡಿಗೆ ಮರಳಿದರು. ಊರಿನಲ್ಲಿ ಬೈಕ್ ಮಾರಾಟ ಮತ್ತು ರಿಪೇರಿಯೇ ಜೀವನೋಪಾಯವಾಯಿತು. ಹಗಲಿಡೀ ಅನ್ಯರ ಬೈಕು, ರಾತ್ರಿ ತನ್ನ ಬೈಕು. ಎಷ್ಟೋ ದಿನ ಇಡೀ ರಾತ್ರಿ ಕೆಲಸ ಮಾಡಿ, ನಿದ್ದೆಗೆಟ್ಟ ಕಣ್ಣಿನಲ್ಲೇ ಬೆಳಿಗ್ಗೆ ಅಂಗಡಿಗೆ ಹೋಗುತ್ತಿದ್ದರು.

ಕೈಯೇ ಕಾರ್ಖಾನೆ

ಮನ್ರೋ ಅವರ ಬಳಿ ಹಣವಿರಲಿಲ್ಲ. ಬೇಕಾದ ಬಿಡಿಭಾಗವನ್ನು ಕೊಳ್ಳುವ ಬದಲು ತಾವೇ ತಯಾರಿಸಿಕೊಳ್ಳುವುದು ಅವರಿಗೆ ಹವ್ಯಾಸವಲ್ಲ, ಅನಿವಾರ್ಯ. ಹಳೆಯ ಡಬ್ಬಿಗಳನ್ನೇ ಅಚ್ಚಾಗಿಸಿಕೊಂಡು ಪಿಸ್ಟನ್‌ಗಳನ್ನು ಎರಕ ಹೊಯ್ದರು. ಬೀಡುಕಬ್ಬಿಣದ ಹಳೆಯ ಕೊಳವೆಯಿಂದ ಸಿಲಿಂಡರ್ ಮಾಡಿಕೊಂಡರು. ಪಿಸ್ಟನ್ನಿನ ಚಲನೆಯನ್ನು ಚಕ್ರಗಳತ್ತ ಸಾಗಿಸುವ ಕನೆಕ್ಟಿಂಗ್ ರಾಡ್‌ಗಳಿಗೆ ಟ್ರ್ಯಾಕ್ಟರಿನ ಗಟ್ಟಿ ಉಕ್ಕಿನ ಅಚ್ಚನ್ನು ಕೈಯಿಂದಲೇ ಕೊರೆದರು. ಫ್ಲೈವೀಲ್, ಕ್ಯಾಮ್‌ಗಳೂ ಅವರ ಕೈಯಲ್ಲೇ ರೂಪುಗೊಂಡವು. ಚಕ್ರದ ಹಳೆಯ ಕಡ್ಡಿಯೊಂದು ಅವರ ಅಳತೆಯ ಉಪಕರಣವಾಗಿತ್ತು.

ಇದು ಕೇವಲ ದುರಸ್ತಿಯಾಗಿರಲಿಲ್ಲ. ಮೂಲ ಎಂಜಿನ್‌ನಲ್ಲಿ ಆಯಿಲ್ ಒಮ್ಮೆ ಹರಿದು ವ್ಯರ್ಥವಾಗಿ ಹೋಗುವ ಏರ್ಪಾಡಿತ್ತು. ಮನ್ರೋ ಅದನ್ನು ಬದಲಿಸಿ, ಅದೇ ಆಯಿಲ್ ಮತ್ತೆ ಮತ್ತೆ ಸುತ್ತಿ ಬರುವ ವ್ಯವಸ್ಥೆ ರೂಪಿಸಿದರು. ಸಿಲಿಂಡರಿನ ಪಕ್ಕದಲ್ಲಿದ್ದ ವಾಲ್ವ್‌ಗಳನ್ನು ತಲೆಯ ಮೇಲಕ್ಕೆ ತಂದರು. ಇದರಿಂದ ಎಂಜಿನ್ನಿನ ಉಸಿರಾಟ ಸರಾಗವಾಯಿತು. 600 ಸಿಸಿಯ ಎಂಜಿನ್ ಹಂತ ಹಂತವಾಗಿ 950 ಸಿಸಿಗೆ ಬೆಳೆಯಿತು.

ಪ್ರತಿ ಬದಲಾವಣೆಗೂ ಬೆಲೆ ತೆರಬೇಕಿತ್ತು. ಒಂದು ಭಾಗದ ಬಲ ಹೆಚ್ಚಿಸಿದರೆ ಅದರ ಹೊರೆ ಇನ್ನೊಂದು ಭಾಗದ ಮೇಲೆ ಬೀಳುತ್ತಿತ್ತು. ಪಿಸ್ಟನ್ ಕರಗಿದವು, ರಾಡ್‌ಗಳು ಮುರಿದವು, ಎಂಜಿನ್ ಒಡೆದು ಚೂರಾದ ಸಂದರ್ಭಗಳು ಅನೇಕ. ಕೆಟ್ಟ ಬಿಡಿಭಾಗವನ್ನು ಗುಜರಿಗೆ ಹಾಕುವುದು ಲೋಕರೂಢಿ. ಮನ್ರೋ ಮಾತ್ರ ಅವನ್ನು ತಮ್ಮ ಶೆಡ್ಡಿನ ಕಪಾಟಿನಲ್ಲಿ ಸಾಲಾಗಿ ಜೋಡಿಸಿ, ವೇಗದ ದೇವರಿಗೆ ಸಲ್ಲಿಸಿದ ಕಾಣಿಕೆಯೆಂದು ಮೇಲೆ ಬರೆದಿಟ್ಟರು. ನೋಡಿದವರಿಗೆ ಅದು ವಿನೋದ. ಆದರೆ ಯಾವ ಭಾಗ ಎಲ್ಲಿ ಸೋತಿತು ಎಂಬುದಕ್ಕೆ ಅದಕ್ಕಿಂತ ಉತ್ತಮ ದಾಖಲೆ ಬೇರಿರಲಿಲ್ಲ.

ಸಂಸಾರವೂ ಈ ಹಂಬಲಕ್ಕೆ ಬೆಲೆ ತೆತ್ತಿತು. 1925ರಲ್ಲಿ ಮದುವೆಯಾಗಿ ನಾಲ್ಕು ಮಕ್ಕಳನ್ನು ಪಡೆದಿದ್ದ ಮನ್ರೋ ಅವರ ದಾಂಪತ್ಯ 1947ರಲ್ಲಿ ಮುರಿದುಬಿತ್ತು. ಆ ಬಳಿಕ ಅವರು ಕೆಲಸವನ್ನೂ ಬಿಟ್ಟು ಗ್ಯಾರೇಜಿನಂಥ ಶೆಡ್ಡಿನಲ್ಲೇ ವಾಸಿಸತೊಡಗಿದರು. ಮನೆಯೊಳಗೆ ಬೈಕಿರುವುದನ್ನು ಎಲ್ಲರೂ ಕಂಡಿದ್ದಾರೆ. ಇಲ್ಲಿ ಬೈಕಿನ ಮನೆಯೊಳಗೆ ಮನುಷ್ಯನಿದ್ದ.

1953ರಲ್ಲಿ ಸ್ಪ್ರಿಂಗ್‌ಫೀಲ್ಡಿನ ಇಂಡಿಯನ್ ಕಾರ್ಖಾನೆ ತಯಾರಿಕೆ ನಿಲ್ಲಿಸಿತು. ಕಂಪನಿ ಮುಚ್ಚಿದರೆ ಬಿಡಿಭಾಗದ ಚಿಂತೆ ಹಳೆಯ ಬೈಕು ಉಳ್ಳವರನ್ನೆಲ್ಲ ಕಾಡುತ್ತದೆ. ಕಾಲು ಶತಮಾನದಿಂದ ತನ್ನ ಬಿಡಿಭಾಗವನ್ನು ತಾನೇ ಮಾಡಿಕೊಳ್ಳುತ್ತಿದ್ದ ಮನ್ರೋ ಅವರಿಗೆ ಆ ಚಿಂತೆ ತಟ್ಟಲಿಲ್ಲ.

ಉಪ್ಪಿನ ಬಯಲಿನಲ್ಲಿ

ಇನ್ವರ್‌ಕಾರ್ಗಿಲ್ ಸಮೀಪದ ಓರೆಟಿ ಕಡಲತೀರ ಮನ್ರೋ ಅವರ ಪರೀಕ್ಷಾ ಮೈದಾನವಾಗಿತ್ತು. 1957ರಲ್ಲಿ ಅಲ್ಲಿ ಗಂಟೆಗೆ 131.38 ಮೈಲಿ ವೇಗದಲ್ಲಿ ಓಡಿ ರಾಷ್ಟ್ರೀಯ ದಾಖಲೆ ನಿರ್ಮಿಸಿದರು. ಆದರೆ ಅವರ ಕಣ್ಣಿದ್ದುದು ಅಮೆರಿಕದ ಯೂಟಾ ರಾಜ್ಯದ ಬಾನೆವಿಲ್ ಬಯಲಿನ ಮೇಲೆ. ಒಣಗಿದ ಸರೋವರದ ತಳದಲ್ಲಿ ಮೈಲಿಗಟ್ಟಲೆ ಹರಡಿದ ಸಮತಟ್ಟಾದ ಉಪ್ಪಿನ ನೆಲವದು. ಅಲ್ಲಿ ನಿಗದಿತ ಅಂತರವನ್ನು ಹೋಗಿ, ವಿರುದ್ಧ ದಿಕ್ಕಿನಲ್ಲಿ ಮರಳಿ ಬಂದು, ಎರಡು ಓಟಗಳ ಸರಾಸರಿಯಿಂದ ದಾಖಲೆಯನ್ನು ನಿರ್ಣಯಿಸುತ್ತಾರೆ. ಆದ್ದರಿಂದ ಒಮ್ಮೆ ಜೋರಾಗಿ ಓಡಿದರೆ ಸಾಲದು, ಯಂತ್ರ ಎರಡನೆಯ ಓಟಕ್ಕೂ ಉಳಿಯಬೇಕು.

ಎದೆನೋವಿನ ಕಾಯಿಲೆ ಆಗಲೇ ಅಂಟಿಕೊಂಡಿತ್ತು. ಹಾಗಿದ್ದರೂ ಕೂಡಿಟ್ಟ ಅಲ್ಪ ಹಣದಲ್ಲಿ, ಬೈಕನ್ನು ಹಡಗಿಗೆ ಹೇರಿಕೊಂಡು ಅವರು ಸಾಗರ ದಾಟಿದರು. 1962ರಲ್ಲಿ 883 ಸಿಸಿ ವಿಭಾಗದಲ್ಲಿ ಗಂಟೆಗೆ 178.95 ಮೈಲಿ, ಅಂದರೆ ಸುಮಾರು 288 ಕಿಲೋಮೀಟರ್ ವೇಗದ ದಾಖಲೆ ಬರೆದರು. 1966ರಲ್ಲಿ ಮತ್ತೊಂದು ವಿಭಾಗದಲ್ಲಿ 168.07 ಮೈಲಿ. 1967ರಲ್ಲಿ 1000 ಸಿಸಿಗಿಂತ ಕೆಳಗಿನ ವಿಭಾಗದಲ್ಲಿ 183.59 ಮೈಲಿ. ಅದೇ ವರ್ಷ ಒಂದು ದಿಕ್ಕಿನ ಅರ್ಹತಾ ಓಟದಲ್ಲಿ 190.07 ಮೈಲಿ, ಅಂದರೆ 305 ಕಿಲೋಮೀಟರಿಗೂ ಹೆಚ್ಚಿನ ವೇಗ ದಾಖಲಾಯಿತು. ಕಾರ್ಖಾನೆಯಲ್ಲಿ ಹುಟ್ಟಿದಾಗಿನ ವೇಗದ ಮೂರು ಪಟ್ಟಿಗೂ ಅಧಿಕ.

ಈ ಓಟಗಳು ಸುಖಾಸುಮ್ಮನೆ ಮುಗಿದವೆಂದಲ್ಲ. 1967ರಲ್ಲಿ ಒಮ್ಮೆ ಬೈಕು ಭೀಕರವಾಗಿ ತೂಗಾಡತೊಡಗಿತು. ವೇಗ ತಗ್ಗಿಸಲೆಂದು ಮನ್ರೋ ಹೊದಿಕೆಯಿಂದ ತಲೆಯೆತ್ತಿದಾಗ ಗಾಳಿಯ ರಭಸಕ್ಕೆ ಕನ್ನಡಕ ಹಾರಿಹೋಗಿ ಕಣ್ಣು ಕಾಣದಾಯಿತು. ಕೊನೆಗೆ ಬೈಕನ್ನು ಉಪ್ಪಿನ ಮೇಲೆ ಮಲಗಿಸಿ, ತರಚುಗಾಯಗಳೊಂದಿಗೆ ಪಾರಾದರು.

ಉಳಿಸುವುದೆಂದರೇನು?

ಹಳೆಯ ಬೈಕು ಕೊಳ್ಳುವವರು ಮೊದಲು ಪರೀಕ್ಷಿಸುವುದು ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳನ್ನು. ಬಳಿಕ ಬಣ್ಣ, ಬಿಡಿಭಾಗಗಳು ಮೂಲದವೇ ಎಂಬುದನ್ನು. ಈ ಮಾನದಂಡದಲ್ಲಿ ಮನ್ರೋ ಅವರ ಸ್ಕೌಟ್ ಉತ್ತೀರ್ಣವಾಗುವುದಿಲ್ಲ. ಒಳಗಿನ ಬಹುಭಾಗ ಬದಲಾಗಿತ್ತು, ಹೊರಮೈಗೆ ಗಾಳಿಯನ್ನು ಸೀಳುವ ಮೀನಿನಾಕಾರದ ಹೊದಿಕೆ ಬಂದಿತ್ತು. ಸಂಗ್ರಾಹಕರ ದೃಷ್ಟಿಯಲ್ಲಿ ಇದು ಮೂಲವನ್ನು ಕೆಡಿಸಿದಂತೆ. ಆದರೆ ಮುಟ್ಟದೆ ಗಾಜಿನ ಹಿಂದಿಟ್ಟ ಬೈಕು ಮೆಲ್ಲನೆ ಓಟವನ್ನೇ ಮರೆಯುತ್ತದೆ. ಮನ್ರೋ ಉಳಿಸಿದ್ದು ಲೋಹವನ್ನಲ್ಲ, ಓಟವನ್ನು. ಯಂತ್ರದ ಒಳಗುಟ್ಟನ್ನು ಅರಿಯದೆ ಅದರ ನಿರ್ವಹಣೆ ಸಾಧ್ಯವಿಲ್ಲವೆಂಬುದನ್ನು ಅವರ ಬದುಕು ಸಾರುತ್ತದೆ. ಇಬ್ಬಗೆಯ ಪ್ರೀತಿಗೂ ಅದರದೇ ನ್ಯಾಯವಿದೆ, ಅದರದೇ ನಷ್ಟವೂ ಇದೆ.

ಕೊನೆಗೆ ದೇಹ ಸೋತಿತು. ಓಟ ಸಾಕೆಂದು ವೈದ್ಯರು ಎಚ್ಚರಿಸಿದರು. 1977ರಲ್ಲಿ ಪಾರ್ಶ್ವವಾಯು ಬಡಿದು ಕೈಕಾಲುಗಳ ಹಿಡಿತ ತಪ್ಪಿದಾಗ, ಮನ್ರೋ ತಮ್ಮ ಬೈಕುಗಳನ್ನು ಇನ್ವರ್‌ಕಾರ್ಗಿಲ್‌ನಲ್ಲೇ ಯಂತ್ರಸಾಮಗ್ರಿ ಅಂಗಡಿ ನಡೆಸುತ್ತಿದ್ದ ಹೇಯ್ಸ್ ಕುಟುಂಬಕ್ಕೆ ಮಾರಿದರು. ಅವು ಊರು ಬಿಟ್ಟು ಹೋಗಬಾರದೆಂಬುದು ಅವರ ಆಸೆಯಾಗಿತ್ತು. ಕೆಲವೇ ತಿಂಗಳಲ್ಲಿ, 1978ರ ಜನವರಿ 6ರಂದು, 78ನೇ ವಯಸ್ಸಿನಲ್ಲಿ ಹೃದ್ರೋಗದಿಂದ ನಿಧನರಾದರು.

2005ರಲ್ಲಿ ರೋಜರ್ ಡೊನಾಲ್ಡ್‌ಸನ್ ನಿರ್ದೇಶನದಲ್ಲಿ, ಆಂಥೊನಿ ಹಾಪ್ಕಿನ್ಸ್ ಮುಖ್ಯ ಪಾತ್ರದಲ್ಲಿ 'ದ ವರ್ಲ್ಡ್ಸ್ ಫಾಸ್ಟೆಸ್ಟ್ ಇಂಡಿಯನ್' ಚಿತ್ರ ತೆರೆಕಂಡ ಬಳಿಕ ಮನ್ರೋ ಹೆಸರು ಮನೆಮಾತಾಯಿತು. 2006ರಲ್ಲಿ ಅಮೆರಿಕದ ಮೋಟಾರ್‌ಸೈಕಲ್ ಗೌರವ ಭವನದಲ್ಲಿ ಅವರಿಗೆ ಸ್ಥಾನ ಸಿಕ್ಕಿತು. 2014ರಲ್ಲಿ ಇನ್ನೊಂದು ಅಚ್ಚರಿ. 1967ರ ದಾಖಲೆಯ ಲೆಕ್ಕದಲ್ಲಿ ತಪ್ಪಿರುವುದನ್ನು ಅವರ ಮಗ ಜಾನ್ ಗುರುತಿಸಿದರು. ದಾಖಲೆ 184.087 ಮೈಲಿಗೆ ತಿದ್ದುಪಡಿಯಾಯಿತು. ತೀರಿಕೊಂಡು 36 ವರ್ಷಗಳಾದ ಮೇಲೂ ಬರ್ಟ್ ಮನ್ರೋ ಅರ್ಧ ಮೈಲಿ ವೇಗ ಹೆಚ್ಚಿಸಿಕೊಂಡರು.