ಯಾತ್ರಿಕ ಹ್ಯೂಯೆನ್ ತ್ಸಾಂಗ್

ಗದ್ವಾಲದ ಸೀರೆಯಲ್ಲಿ ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಕೂಡುವುದು ಮಗ್ಗದ ಊರುಗಳವರಾದ ನಮಗೆ ನಿತ್ಯದ ನೋಟ. ಈ ಎರಡು ವಸ್ತ್ರಗಳು ಹಿಂದೆ ಭಾರತ ಚೀನಗಳ ನಡುವೆ ಸ್ನೇಹದ ಗುರುತಾಗಿಯೂ ಸಂಚರಿಸಿದುದನ್ನು ಹ್ಯೂಯೆನ್ ತ್ಸಾಂಗನ ಚರಿತ್ರೆಯಲ್ಲಿ ಕಾಣುತ್ತೇವೆ.

ಈ ಮಹನೀಯನು ಏಳನೆಯ ಶತಮಾನದ ಆರಂಭದ ಸುಮಾರಿನಲ್ಲಿ ಚೀನದ ಲೋಯಾಂಗ್ ನಗರದ ಸಮೀಪ ಜನಿಸಿ, ಬಾಲ್ಯದಲ್ಲಿಯೇ ಬೌದ್ಧವಿಹಾರವನ್ನು ಸೇರಿದನು. ಧರ್ಮಗ್ರಂಥಗಳ ಚೀನೀ ಅನುವಾದಗಳು ಒಂದಕ್ಕೊಂದು ಹೊಂದದಿರಲು, ಮೂಲವನ್ನೇ ಅರಿಯುವ ಹಂಬಲ ಅವನಲ್ಲಿ ಬಲಿಯಿತು. ಪಶ್ಚಿಮದ ಗಡಿಯನ್ನು ದಾಟಬಾರದೆಂದು ರಾಜಾಜ್ಞೆಯಿದ್ದಿತು. ಆದರೂ ಕ್ರಿ.ಶ. 630ಕ್ಕೆ ತುಸು ಮುನ್ನ ಅವನು ಗುಟ್ಟಾಗಿ ಹೊರಟು, ಮರುಭೂಮಿಯಲ್ಲಿ ನೀರಿಲ್ಲದೆ ಸಾವಿನಂಚಿಗೆ ಹೋಗಿ ಉಳಿದು, ತುರ್ಫಾನ್ ಸೀಮೆಯನ್ನು ತಲಪಿದನು. ಅಲ್ಲಿಯ ಅರಸನು ದಾರಿಯ ವೆಚ್ಚಕ್ಕೆಂದು ಚಿನ್ನವನ್ನೂ 30,000 ಬೆಳ್ಳಿಯ ನಾಣ್ಯಗಳನ್ನೂ 500 ಥಾನು ರೇಷ್ಮೆಯನ್ನೂ ಕೊಟ್ಟನು. ವರ್ತಕರು ಸವೆಸಿದ ಆ ಹಾದಿಯಲ್ಲಿ ರೇಷ್ಮೆಯೂ ಹಣದಂತೆಯೇ ಚಲಾವಣೆಯಾಗುತ್ತಿದ್ದಿತು.

ನಾಲಂದದಲ್ಲಿ ಶೀಲಭದ್ರಾಚಾರ್ಯರ ಬಳಿ ವ್ಯಾಸಂಗ ಮಾಡಿದ ಬಳಿಕ ಅವನು ದಕ್ಷಿಣಕ್ಕೂ ಬಂದನು. ಸುಮಾರು 641ರಲ್ಲಿ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡು, ಉಪಕಾರವನ್ನು ಮರೆಯದ, ಅವಮಾನವನ್ನು ಸಹಿಸದ ಅಲ್ಲಿಯ ಜನರನ್ನೂ, ಹರ್ಷನಿಗೂ ಮಣಿಯದ ಆ ಅರಸನ ಬಲವನ್ನೂ ತನ್ನ ಪ್ರವಾಸಗ್ರಂಥದಲ್ಲಿ ವರ್ಣಿಸಿದನು. ಗದ್ವಾಲದ ನೆರೆಯ ಆಲಂಪುರದಲ್ಲಿ ನವಬ್ರಹ್ಮ ದೇವಾಲಯಗಳನ್ನು ಕಟ್ಟಿಸಿದವರು ಇದೇ ಚಾಲುಕ್ಯ ವಂಶದವರೆಂಬುದನ್ನು ನಾವು ನೆನೆಯಬೇಕು.

ಮರಳುವಾಗ ಸಿಂಧೂನದಿಯಲ್ಲಿ ದೋಣಿ ಹೊಯ್ದಾಡಿ, ಸುಮಾರು 50 ಹಸ್ತಪ್ರತಿಗಳೂ, ಅವನು ಕೂಡಿಸಿದ್ದ ಹೂಗಿಡಗಳ ಬೀಜಗಳೂ ನೀರುಪಾಲಾದುವು. ಆದರೂ 645ರಲ್ಲಿ ರಾಜಧಾನಿ ಚಾಂಗಾನ್ ನಗರವನ್ನು ಸೇರಿದಾಗ ಅವನೊಡನೆ 657 ಗ್ರಂಥಗಳಿದ್ದುವು. ಆಜ್ಞೆ ಮೀರಿದವನನ್ನು ಚಕ್ರವರ್ತಿ ತಾಯ್‌ತ್ಸುಂಗ್ ಆದರಿಸಿ ಅಧಿಕಾರಪದವಿಯನ್ನೇ ನೀಡಬಂದನು. ಅವನು ಅದನ್ನೊಲ್ಲದೆ ಅನುವಾದಕ್ಕೆ ಕುಳಿತನು.

ಭಾರತವೂ ಅವನನ್ನು ಮರೆಯಲಿಲ್ಲ. 652ರಲ್ಲಿ ಗಯೆಯ ಮಹಾಬೋಧಿ ವಿಹಾರದ ಭಿಕ್ಷುಗಳಾದ ಜ್ಞಾನಪ್ರಭ, ಪ್ರಜ್ಞಾದೇವರು ಕ್ಷೇಮಸಮಾಚಾರದ ಪತ್ರದೊಡನೆ ಒಂದು ಜೊತೆ ಬಿಳಿಯ ಅರಳೆಬಟ್ಟೆಯನ್ನು ಕಳುಹಿಸಿದರು. ರೇಷ್ಮೆಯ ನಾಡಿಗೆ ಹತ್ತಿಯ ಕಾಣಿಕೆ! 654ರಲ್ಲಿ ಅವನು ಮಾರೋಲೆ ಬರೆದು, ಗುರು ಶೀಲಭದ್ರರು ಕಾಲವಾದುದಕ್ಕೆ ಮರುಗಿ, ಸಿಂಧೂನದಿಯಲ್ಲಿ ಕಳೆದುಹೋದ ಗ್ರಂಥಗಳ ಹೆಸರುಗಳನ್ನು ಪಟ್ಟಿಮಾಡಿ, ಅವುಗಳ ಪ್ರತಿಗಳನ್ನು ಕಳುಹಿಸಬೇಕೆಂದು ಬೇಡಿದನು. ನಷ್ಟವಾಗಿ ಹತ್ತು ವರುಷ ಕಳೆದರೂ ಆ ಚಿಂತೆ ಅವನನ್ನು ಬಿಟ್ಟಿರಲಿಲ್ಲ.

664ರಲ್ಲಿ ಕಣ್ಣು ಮುಚ್ಚುವ ಹೊತ್ತಿಗೆ ಅವನು 70ಕ್ಕೂ ಮಿಕ್ಕ ಗ್ರಂಥಗಳನ್ನು ಚೀನೀ ಭಾಷೆಗೆ ತಂದಿದ್ದನು. ಅವುಗಳಲ್ಲಿ ಹಲವಕ್ಕೆ ಇಂದು ಸಂಸ್ಕೃತ ಮೂಲವೇ ಇಲ್ಲ. ಅವನ ಅನುವಾದದಲ್ಲಿಯೇ ಅವು ಉಳಿದಿವೆ. ಎರಡು ನುಡಿಗಳನ್ನು ಬಲ್ಲ ಒಬ್ಬನ ಶ್ರಮವು ಒಂದು ನಾಡಿನ ವಿದ್ಯೆಯನ್ನು ಮತ್ತೊಂದು ನಾಡಿನಲ್ಲಿ ಕಾಪಾಡಬಲ್ಲುದು. ಮನೆಯಲ್ಲಿ ಒಂದು, ಪೇಟೆಯಲ್ಲಿ ಮತ್ತೊಂದು ನುಡಿಯನ್ನಾಡುತ್ತ ಬೆಳೆಯುವ ನಮ್ಮ ಮಕ್ಕಳು ಈ ಮಾತನ್ನು ಅರಿಯಲೆಂಬುದೇ ನಮ್ಮ ಆಶಯ.